ರೀಸೆಟ್ ಒತ್ತುವ ಮುನ್ನ

ನ್ಯೂಜೆರ್ಸಿಯ ಎಡಿಸನ್ ಊರಿನ ಸುತ್ತಮುತ್ತ ಹಳೆಯ ಮನೆ ಕೊಂಡ ಕುಟುಂಬಗಳಿಗೆ ಒಂದು ಒಗಟು ಬಹುಬೇಗ ಎದುರಾಗುತ್ತದೆ. ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಮಹಡಿಯ ಬಚ್ಚಲುಮನೆಯ ಔಟ್‌ಲೆಟ್‌ನಲ್ಲಿ ಕರೆಂಟಿಲ್ಲ. ಹೇರ್ ಡ್ರೈಯರ್ ಸುಟ್ಟುಹೋಯಿತೇನೋ ಎಂದು ಮಲಗುವ ಕೋಣೆಯಲ್ಲಿ ಹಾಕಿ ನೋಡಿದರೆ ಅದು ಚೆನ್ನಾಗಿಯೇ ಓಡುತ್ತದೆ. ಬೇಸ್‌ಮೆಂಟಿಗೆ ಇಳಿದು ಪ್ಯಾನೆಲ್ ಬಾಗಿಲು ತೆರೆದರೆ ಒಂದು ಬ್ರೇಕರೂ ಬಿದ್ದಿಲ್ಲ. ಕೊನೆಗೆ ಎಲೆಕ್ಟ್ರಿಷಿಯನ್ ಬರುತ್ತಾನೆ. ನೇರವಾಗಿ ಗ್ಯಾರೇಜಿಗೆ ಹೋಗಿ, ಬಣ್ಣದ ಡಬ್ಬಗಳ ಹಿಂದೆ ಗೋಡೆಯಲ್ಲಿದ್ದ ಔಟ್‌ಲೆಟ್ಟಿನ ಪುಟ್ಟ ಗುಂಡಿಯೊಂದನ್ನು ಒತ್ತುತ್ತಾನೆ. ಮಹಡಿಯಲ್ಲಿ ಕರೆಂಟು ಬರುತ್ತದೆ.

ಕಾರಣ ಸರಳ. ಅಮೆರಿಕದ ರಾಷ್ಟ್ರೀಯ ಎಲೆಕ್ಟ್ರಿಕಲ್ ಕೋಡ್ ಈ ಸುರಕ್ಷಾ ಔಟ್‌ಲೆಟ್ಟನ್ನು ಬಚ್ಚಲುಮನೆಗೆ 1975ರಲ್ಲಿ, ಗ್ಯಾರೇಜಿಗೆ 1978ರಲ್ಲಿ, ಅಡುಗೆಮನೆಗೆ 1987ರಲ್ಲಿ ಕಡ್ಡಾಯ ಮಾಡಿತು. ಶುರುವಿನಲ್ಲಿ ಅದು ದುಬಾರಿ. ಅದಕ್ಕೇ ಮನೆ ಕಟ್ಟುವವರು ಗ್ಯಾರೇಜಿನಲ್ಲಿ ಒಂದನ್ನೇ ಹಾಕಿ, ಅದರ ಮುಂದಕ್ಕೆ ವಯರು ಎಳೆದು, ಎರಡೋ ಮೂರೋ ಬಚ್ಚಲುಮನೆಗಳನ್ನೂ ಅಂಗಳದ ಔಟ್‌ಲೆಟ್ಟನ್ನೂ ಅದರ ಕಾವಲಿಗೇ ಒಪ್ಪಿಸಿಬಿಡುತ್ತಿದ್ದರು. ಆಗಿನ ಕೋಡ್ ಪ್ರಕಾರ ಅದು ಸರಿಯೇ ಆಗಿತ್ತು. ತೊಂದರೆ ಬರುವುದು ಮನೆ ಕೈಬದಲಾದ ಮೇಲೆ. ಹಿತ್ತಲಿನಲ್ಲಿ ಮಳೆನೀರು ಹೊಕ್ಕರೂ ಮಹಡಿಯಲ್ಲಿ ಕರೆಂಟು ಹೋಗುತ್ತದೆ. ಯಾವುದಕ್ಕೆ ಯಾವುದು ಸೇರಿದೆ ಎಂದು ಹೊಸದಾಗಿ ಬಂದವರಿಗೆ ಹೇಳುವವರಿಲ್ಲ. ಮನೆ ಕೊಂಡ ಮೊದಲ ವಾರದಲ್ಲೇ ಟೆಸ್ಟ್ ಮತ್ತು ರೀಸೆಟ್ ಗುಂಡಿಗಳಿರುವ ಔಟ್‌ಲೆಟ್‌ಗಳನ್ನೆಲ್ಲ ಹುಡುಕಿ, ಒಂದೊಂದನ್ನೇ ಟೆಸ್ಟ್ ಒತ್ತಿ ಬೀಳಿಸಿ, ಎಲ್ಲೆಲ್ಲಿ ಕರೆಂಟು ಹೋಯಿತೆಂದು ಒಂದು ಹಾಳೆಯಲ್ಲಿ ಬರೆದು ಪ್ಯಾನೆಲ್ ಬಾಗಿಲ ಒಳಬದಿಗೆ ಅಂಟಿಸಬೇಕು. ಒಂದು ಸಂಜೆಯ ಕೆಲಸ, ಮನೆಯಲ್ಲಿರುವಷ್ಟು ಕಾಲವೂ ಉಪಯೋಗ.

ಹೀಗೆ ಬೀಳುವ ಸ್ವಿಚ್ಚುಗಳ ಬಗ್ಗೆ ಮಾತಾಡಲು ಎಡಿಸನ್‌ಗಿಂತ ತಕ್ಕ ಊರು ಸಿಗುವುದು ಕಷ್ಟ. 1954ರವರೆಗೆ ಈ ಊರಿಗೆ ರಾರಿಟನ್ ಟೌನ್‌ಷಿಪ್ ಎಂಬ ಹೆಸರಿತ್ತು. ಇಲ್ಲಿನ ಮೆನ್ಲೋ ಪಾರ್ಕ್ ಬಡಾವಣೆಯಲ್ಲಿ ಥಾಮಸ್ ಎಡಿಸನ್ 1876ರಲ್ಲಿ ಪ್ರಯೋಗಾಲಯ ತೆರೆದದ್ದು, 1879ರ ಕೊನೆಯ ದಿನ ಜನರಿಗೆ ವಿದ್ಯುದ್ದೀಪ ತೋರಿಸಿದ್ದು ಎಲ್ಲರೂ ಬಲ್ಲ ಕಥೆ. ಕ್ರಿಸ್ಟಿ ಸ್ಟ್ರೀಟಿನಲ್ಲಿ 1938ರಲ್ಲಿ ನಿಲ್ಲಿಸಿದ ಸ್ಮಾರಕ ಗೋಪುರ ಆ ದೀಪದ ನೆನಪಿಗೆ. ದೀಪ ಉರಿದ ಬೆನ್ನಿಗೇ ಬಂದ ತಲೆನೋವಿಗೆ ಮಾತ್ರ ಎಲ್ಲೂ ಸ್ಮಾರಕವಿಲ್ಲ. ಅದು ಕರೆಂಟಿನ ಸೋರಿಕೆ.

1880ರಲ್ಲಿ ಎಡಿಸನ್ನನ ತಂಡ ಮೆನ್ಲೋ ಪಾರ್ಕಿನ ಬೀದಿಗಳಲ್ಲಿ ನೆಲದಡಿ ವಯರು ಹಾಸಿತು. ಮರದ ಪೆಟ್ಟಿಗೆಯಲ್ಲಿ ತಂತಿಯಿಟ್ಟು ಮೇಲೆ ಡಾಂಬರು ಸುರಿದರೆ ಸಾಕು ಎಂಬ ಲೆಕ್ಕಾಚಾರವಿತ್ತು. ಅಳೆದು ನೋಡಿದರೆ ಕರೆಂಟು ಎಲ್ಲೆಲ್ಲೋ ಮಣ್ಣಿಗೆ ಇಳಿದುಹೋಗುತ್ತಿತ್ತು. ಹಾಕಿದ್ದನ್ನೆಲ್ಲ ಅಗೆದು ತೆಗೆಯಬೇಕಾಯಿತು. ತಂಡದಲ್ಲಿದ್ದ ವಿಲ್ಸನ್ ಹೊವೆಲ್ ಎಂಬ ಯುವಕ ಪುಸ್ತಕಗಳನ್ನು ತಿರುವಿ, ಒಂದಾದ ಮೇಲೊಂದು ವಸ್ತು ಕುದಿಸಿ, ಕೊನೆಗೆ ಟ್ರಿನಿಡಾಡ್ ದ್ವೀಪದ ಡಾಂಬರು, ಅಗಸೆ ಎಣ್ಣೆ, ಪ್ಯಾರಾಫಿನ್, ಸ್ವಲ್ಪ ಜೇನುಮೇಣ ಸೇರಿಸಿದ ಪಾಕವೊಂದನ್ನು ಕಂಡುಕೊಂಡ. ಅದರಲ್ಲಿ ನೆನೆಸಿದ ಬಟ್ಟೆಯನ್ನು ತಂತಿಗೆ ಸುತ್ತಿದ ಮೇಲೆ ಸೋರಿಕೆ ಹತೋಟಿಗೆ ಬಂತು. ಅದೇ ವರ್ಷದ ಮೇ 4ರಂದು ಎಡಿಸನ್ನನಿಗೆ ಫ್ಯೂಸಿನ ಪೇಟೆಂಟೂ ಸಿಕ್ಕಿತು. ಕರೆಂಟು ಮಿತಿ ಮೀರಿದರೆ ತಾನೇ ಕರಗಿ ದಾರಿ ಕಡಿಯುವ ಸಣ್ಣ ತಂತಿ ಅದು.

ಆದರೆ ಫ್ಯೂಸಿಗೆ ಸೋರಿಕೆ ಕಾಣಿಸುವುದಿಲ್ಲ. 1882ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ ಶುರುವಾದ ಮೇಲೆ ಒಂದು ದಿನ ಪೊಲೀಸರು ಓಡಿಬಂದು ದೂರು ಹೇಳಿದ ಪ್ರಸಂಗವನ್ನು ಎಡಿಸನ್ ಮುಂದೆ ನೆನಪಿಸಿಕೊಂಡಿದ್ದಾನೆ. ಆ್ಯನ್ ಸ್ಟ್ರೀಟ್ ಮತ್ತು ನಾಸೌ ಸ್ಟ್ರೀಟ್ ಕೂಡುವಲ್ಲಿ ಒದ್ದೆ ನೆಲದ ಮೇಲೆ ಕಾಲಿಟ್ಟ ಕುದುರೆಗಳೆಲ್ಲ ಬೆದರಿ ನೆಗೆಯುತ್ತಿದ್ದವಂತೆ. ನೆಲದಡಿಯ ಜಂಕ್ಷನ್ ಬಾಕ್ಸೊಂದು ಸೋರುತ್ತಿತ್ತು. ಫ್ಯೂಸ್ ಕರಗುವಷ್ಟು ಕರೆಂಟು ಹೋಗುತ್ತಿರಲಿಲ್ಲ, ಕುದುರೆಗೆ ಶಾಕ್ ಹೊಡೆಯುವಷ್ಟು ಹೋಗುತ್ತಿತ್ತು. ಇಂದು ಎಡಿಸನ್ನಿನ ಮನೆಗಳಲ್ಲಿ ಪದೇಪದೇ ಬೀಳುವ ಸುರಕ್ಷಾ ಸ್ವಿಚ್ಚು ಹುಟ್ಟಿಕೊಂಡಿದ್ದೇ ಈ ಅಂತರವನ್ನು ತುಂಬಲು. ಅದಕ್ಕೆ ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು.

ಅಷ್ಟರೊಳಗೆ ವಿದ್ಯುತ್ತು ಮೈಸೂರು ಸೀಮೆಯನ್ನೂ ತಲುಪಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟು ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿಯಿತು. ಶಿವನಸಮುದ್ರಕ್ಕೆ ವಿದ್ಯುತ್ ಯಂತ್ರಗಳನ್ನು ಒದಗಿಸಿದ ಜನರಲ್ ಎಲೆಕ್ಟ್ರಿಕ್ ಕಂಪನಿ, ಎಡಿಸನ್ನನ ಕಂಪನಿಯೂ ಸೇರಿ 1892ರಲ್ಲಿ ಹುಟ್ಟಿದ್ದು.

ಸೋರಿಕೆಗೆ ಮದ್ದು ಬಂದದ್ದೂ ಒಂದು ಬಗೆಯಲ್ಲಿ ಚಿನ್ನದ ಗಣಿಗಳ ದಾರಿಯಲ್ಲೇ. 1950ರ ದಶಕದ ನಡುವೆ ದಕ್ಷಿಣ ಆಫ್ರಿಕದಲ್ಲಿ ಹೆನ್ರಿ ರೂಬಿನ್ ಗಣಿಕಾರ್ಮಿಕರನ್ನು ಶಾಕಿನಿಂದ ಕಾಪಾಡಲೆಂದು ಸೋರಿಕೆ ಹಿಡಿಯುವ ಸೂಕ್ಷ್ಮ ಉಪಕರಣ ರೂಪಿಸಿದರು. ಅಮೆರಿಕದಲ್ಲಿ ಆ ಕೆಲಸ ಮಾಡಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜೀಲ್. ಕರೆಂಟು ಹರಿಯುವ ತಂತಿಯನ್ನು ಹಿಡಿದ ಮನುಷ್ಯ ತನ್ನಷ್ಟಕ್ಕೆ ತಾನೇ ಕೈ ಬಿಡಲು ಎಲ್ಲಿಯವರೆಗೆ ಸಾಧ್ಯ ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ಮುಂದೆ ಬಂದ 134 ಗಂಡಸರು ಮತ್ತು 28 ಹೆಂಗಸರ ಮೇಲೆ ಪರೀಕ್ಷೆ ನಡೆಸಿದರು. ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ 10.5. ಅದನ್ನು ದಾಟಿದರೆ ಸ್ನಾಯು ಬಿಗಿದು ಬೆರಳು ಬಿಚ್ಚುವುದಿಲ್ಲ. 200 ಹೆಂಗಸರಲ್ಲಿ 199 ಮಂದಿ ಕೈ ಬಿಡಬಲ್ಲ ಮಟ್ಟ 6 ಮಿಲಿಆಂಪಿಯರ್ ಎಂದು ಲೆಕ್ಕ ಬಂತು. 1961ರಲ್ಲಿ ಡಾಲ್ಜೀಲ್ ತಮ್ಮ ಉಪಕರಣ ಕಂಡುಹಿಡಿದರು. ಇಂದಿನ ಅಮೆರಿಕನ್ ಮಾನದಂಡವೂ ಅದರ ಸುತ್ತಲೇ ಇದೆ: ಸೋರಿಕೆ 6 ಮಿಲಿಆಂಪಿಯರ್ ಆದರೆ ಸ್ವಿಚ್ಚು ಬೀಳಲೇಬೇಕು, 4ಕ್ಕಿಂತ ಕಡಿಮೆಯಿದ್ದರೆ ಬೀಳಬಾರದು. ಸಾಮಾನ್ಯ 15 ಆಂಪಿಯರ್ ಬ್ರೇಕರಿಗೆ ಹೋಲಿಸಿದರೆ ಇದು ಸುಮಾರು ಮೂರು ಸಾವಿರದಲ್ಲಿ ಒಂದು ಪಾಲು. ಬ್ರೇಕರ್ ಇರುವುದು ಗೋಡೆಯೊಳಗಿನ ವಯರು ಕಾಯದಂತೆ ಕಾಪಾಡಲು. ಮನುಷ್ಯನ ಎದೆಯ ಮೂಲಕ ಹಾಯುವ ಕರೆಂಟು ಅದರ ಅರಿವಿಗೇ ಬರುವುದಿಲ್ಲ.

ಅದು ಕೆಲಸ ಮಾಡುವ ಬಗೆ ತಿಳಿದರೆ ಮುಂದಿನ ಪತ್ತೆದಾರಿಕೆ ಸುಲಭ. ಬೆಳಿಗ್ಗೆ ಹಟ್ಟಿಯಿಂದ ಹೊರಟ ಕುರಿಗಳೆಷ್ಟು, ಸಂಜೆ ತಿರುಗಿ ಬಂದವೆಷ್ಟು ಎಂದು ಬಾಗಿಲಲ್ಲಿ ನಿಂತು ಎಣಿಸುವ ಕುರುಬನ ಲೆಕ್ಕ ಅದರದ್ದು. ಫೇಸ್ ವಯರು, ನ್ಯೂಟ್ರಲ್ ವಯರು ಎರಡೂ ಒಂದು ಪುಟ್ಟ ಉಂಗುರದ ಒಳಗೆ ಹಾದುಹೋಗುತ್ತವೆ. ಹೋದಷ್ಟೇ ಕರೆಂಟು ವಾಪಸ್ಸು ಬಂದರೆ ಉಂಗುರ ಸುಮ್ಮನಿರುತ್ತದೆ. ಸ್ವಲ್ಪ ತಪ್ಪಿದರೂ, ಅಂದರೆ ಒಂದಷ್ಟು ಕರೆಂಟು ಒದ್ದೆ ನೆಲ, ನಲ್ಲಿ ಅಥವಾ ಯಾರದೋ ಮೈಯ ಮೂಲಕ ಭೂಮಿಗೆ ಇಳಿದರೆ, ಜೋರಾದ ಸೋರಿಕೆಯಲ್ಲಿ ಸೆಕೆಂಡಿನ ನಲವತ್ತನೇ ಒಂದು ಭಾಗದಲ್ಲೇ ದಾರಿ ಕಡಿದುಹೋಗುತ್ತದೆ. ಇಲ್ಲಿ ಅದಕ್ಕೆ ಜಿಎಫ್‌ಸಿಐ ಎನ್ನುತ್ತಾರೆ. ಕರ್ನಾಟಕದ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಆರ್‌ಸಿಸಿಬಿ. ಆದರೆ ಬೆಂಗಳೂರಿನ ಮನೆಯ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರಿನದು, ಹೃದಯದ ಬಡಿತ ತಪ್ಪದಂತೆ ಕಾಯುವುದು ಅದರ ಗುರಿ. ಇಲ್ಲಿಯದು ಕೈ ಬಿಡಿಸಿಕೊಳ್ಳಲು ಆಗದ ಸ್ಥಿತಿಯನ್ನೇ ತಡೆಯಲು ನೋಡುತ್ತದೆ. ಊರಿನಲ್ಲಿ ಎಂದೂ ಬೀಳದ ಸ್ವಿಚ್ಚು ಇಲ್ಲೇಕೆ ಇಷ್ಟು ಸಲ ಬೀಳುತ್ತದೆ ಎಂದು ಕೇಳುವವರಿಗೆ ಅರ್ಧ ಉತ್ತರ ಇದೇ.

ಉಳಿದರ್ಧ ಉತ್ತರ ಏನೆಂದರೆ, ಇಲ್ಲಿನ ಮನೆಯಲ್ಲಿ ಬೀಳುವ ಸ್ವಿಚ್ಚುಗಳಲ್ಲಿ ಮೂರು ಬಗೆ. ಬಿದ್ದದ್ದು ಯಾವುದು ಎಂದು ಮೊದಲು ನೋಡದೆ ಹುಡುಕಾಟ ಶುರು ಮಾಡಿದರೆ ದಿನವಿಡೀ ಸುಮ್ಮನೆ ಅಲೆದಾಟ. ಒಂದು, ಪ್ಯಾನೆಲ್ಲಿನಲ್ಲಿರುವ ಸಾದಾ ಬ್ರೇಕರ್: ಹೊರೆ ಹೆಚ್ಚಾದರೆ ಅಥವಾ ಶಾರ್ಟ್ ಆದರೆ ಬೀಳುತ್ತದೆ. ಇನ್ನೊಂದು ಜಿಎಫ್‌ಸಿಐ: ಸೋರಿಕೆಗೆ. ಮತ್ತೊಂದು ಎಎಫ್‌ಸಿಐ: ವಯರಿನಲ್ಲೋ ಜೋಡಣೆಯಲ್ಲೋ ಕಿಡಿ ಹಾರಿದರೆ. ಜಿಎಫ್‌ಸಿಐ ಗೋಡೆಯ ಔಟ್‌ಲೆಟ್ಟಿನಲ್ಲೂ ಇರಬಹುದು, ಪ್ಯಾನೆಲ್ಲಿನ ಬ್ರೇಕರಿನಲ್ಲೂ ಇರಬಹುದು. ಟೆಸ್ಟ್ ಎಂಬ ಗುಂಡಿಯಿರುವ ಬ್ರೇಕರು ಕೊನೆಯ ಎರಡು ಬಗೆಯಲ್ಲೊಂದು, ಕೆಲವು ಸಲ ಎರಡೂ ಸೇರಿದ್ದು. ಮೇಲಿನ ಚೀಟಿ ಓದಿದರೆ ಗೊತ್ತಾಗುತ್ತದೆ. ಬಿದ್ದ ಬ್ರೇಕರಿನ ಹಿಡಿ ಬಹಳ ಸಲ ಪೂರ್ತಿ ಆಫ್ ಕಡೆಗೆ ಹೋಗಿರುವುದಿಲ್ಲ, ನಡುವೆ ನಿಂತಿರುತ್ತದೆ. ಅದನ್ನು ಸೀದಾ ಮೇಲೆ ದೂಡಿದರೆ ನಿಲ್ಲುವುದಿಲ್ಲ. ಮೊದಲು ಗಟ್ಟಿಯಾಗಿ ಆಫ್ ಮಾಡಿ, ಆಮೇಲೆ ಆನ್ ಮಾಡಬೇಕು. ಹಾಗೆ ಮಾಡಿಯೂ ಆ ಕ್ಷಣವೇ ಬಿದ್ದರೆ ಮತ್ತೆ ಮತ್ತೆ ಒತ್ತಕೂಡದು. ಸಾದಾ ಬ್ರೇಕರಿನಲ್ಲಿ ಅದು ಶಾರ್ಟ್ ಸರ್ಕ್ಯೂಟಿನ ಲಕ್ಷಣ.

ಸಾದಾ ಬ್ರೇಕರಿನದು ಬರಿಯ ಗುಣಾಕಾರ. 15 ಆಂಪಿಯರನ್ನು 120 ವೋಲ್ಟಿನಿಂದ ಗುಣಿಸಿದರೆ 1,800 ವಾಟ್. ಜನವರಿಯ ಚಳಿಯಲ್ಲಿ, ಅಮ್ಮ ಅಪ್ಪ ಊರಿನಿಂದ ಬಂದಿದ್ದಾರೆಂದು ಅವರ ಕೋಣೆಯಲ್ಲಿ ಇಟ್ಟ ಸಣ್ಣ ಹೀಟರು ಒಂದೇ 1,500 ವಾಟ್ ಎಳೆಯುತ್ತದೆ. ಪಕ್ಕದ ಕೋಣೆಯಲ್ಲಿ ಯಾರಾದರೂ ಇಸ್ತ್ರಿ ಹಾಕಿದರೆ, ಎರಡು ಕೋಣೆಗೂ ಸರ್ಕ್ಯೂಟ್ ಒಂದೇ ಆಗಿದ್ದರೆ, ಬ್ರೇಕರು ಸ್ವಲ್ಪ ಹೊತ್ತು ತಡೆದು ಬೀಳುತ್ತದೆ. ಆ ತಡೆಯೇ ಗುರುತು: ನಿಮಿಷಗಳ ನಂತರ ಬಿದ್ದರೆ ಹೊರೆ, ತಕ್ಷಣ ಬಿದ್ದರೆ ಶಾರ್ಟ್. ಇದಕ್ಕೆ 20 ಆಂಪಿಯರ್ ಬ್ರೇಕರ್ ಹಾಕಿಸಿಬಿಡೋಣ ಎಂಬ ಸಲಹೆ ಅಪಾಯದ್ದು. 15ರ ಸರ್ಕ್ಯೂಟಿಗೆ ಎಳೆದಿರುವ ತಂತಿ ಸಣ್ಣದು, ಅದು ಗೋಡೆಯೊಳಗೇ ಕಾಯುತ್ತದೆ. ಹೀಟರನ್ನು ಎಕ್ಸ್‌ಟೆನ್ಷನ್ ಬೋರ್ಡಿಗೂ ಹಾಕಬಾರದು, ನೇರ ಗೋಡೆಗೇ ಹಾಕಬೇಕು.

ಜಿಎಫ್‌ಸಿಐ ಬಿದ್ದಾಗ ಕೆಲಸ ನಿಧಾನದ್ದು, ಆದರೆ ಕಷ್ಟದ್ದಲ್ಲ. ಅದರ ಕಾವಲಿನಲ್ಲಿರುವ ಎಲ್ಲ ಉಪಕರಣಗಳ ಪ್ಲಗ್ಗನ್ನೂ ಕಿತ್ತುಬಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಬರಬೇಕು. ಆಮೇಲೆ ರೀಸೆಟ್. ನಿಂತರೆ ದೋಷ ಉಪಕರಣದಲ್ಲಿ; ಒಂದೊಂದಾಗಿ ಹಾಕಿ ಓಡಿಸುತ್ತ ಹೋದರೆ ಕಳ್ಳ ಸಿಗುತ್ತಾನೆ. ಏನೂ ಹಾಕದಿದ್ದರೂ ಬಿದ್ದರೆ ದೋಷ ವಯರಿಂಗಿನಲ್ಲಿ ಅಥವಾ ಆ ಔಟ್‌ಲೆಟ್ಟಿನಲ್ಲೇ. ಮುಂದೆ ಎಲ್ಲೋ ನ್ಯೂಟ್ರಲ್ ತಂತಿ ಅರ್ಥ್ ತಂತಿಗೆ ತಾಗಿದ್ದರೂ ಜಿಎಫ್‌ಸಿಐ ಬೀಳುತ್ತದೆ, ಅದನ್ನು ಹಿಡಿಯುವ ಏರ್ಪಾಡು ಅದರೊಳಗೇ ಇದೆ. ರೀಸೆಟ್ ಗುಂಡಿ ಒಳಗೆ ಕೂರುವುದೇ ಇಲ್ಲವೆಂದರೆ ಮೊದಲು ಪ್ಯಾನೆಲ್ಲಿನ ಬ್ರೇಕರ್ ನೋಡಬೇಕು. ಔಟ್‌ಲೆಟ್ಟಿಗೇ ಕರೆಂಟು ಬರದಿದ್ದರೆ ಹೊಸ ಮಾದರಿಯವು ರೀಸೆಟ್ ಆಗುವುದಿಲ್ಲ. 2015ರ ಮಧ್ಯದಿಂದ ತಯಾರಾದವು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ, ಆಯಸ್ಸು ಮುಗಿದರೆ ಕರೆಂಟು ನಿಲ್ಲಿಸಿಯೋ ದೀಪದಿಂದಲೋ ತಿಳಿಸುತ್ತವೆ. ಅದಕ್ಕೂ ಹಳೆಯದಾದ ಔಟ್‌ಲೆಟ್ ಒಳಗಿನ ಭಾಗ ಸತ್ತುಹೋಗಿದ್ದರೂ ಕರೆಂಟು ಕೊಡುತ್ತಲೇ ಇರಬಹುದು. ತಿಂಗಳಿಗೊಮ್ಮೆ ಟೆಸ್ಟ್ ಒತ್ತಿ ಎನ್ನುವುದು ಅದಕ್ಕೇ.

ಒಂದೇ ಒಂದು ಕಳ್ಳ ಸಿಗದ ಸಂದರ್ಭವೂ ಉಂಟು. ಕಂಪ್ಯೂಟರು, ಟಿವಿ, ಚಾರ್ಜರು ಇವುಗಳೊಳಗಿನ ಫಿಲ್ಟರುಗಳು ಸಹಜವಾಗಿಯೇ ಒಂದಿಷ್ಟು ಕರೆಂಟನ್ನು ಅರ್ಥಿಗೆ ಬಿಡುತ್ತವೆ. ಒಂದರದು ಲೆಕ್ಕಕ್ಕಿಲ್ಲ, ಏಳೆಂಟು ಸೇರಿದರೆ 4 ಮಿಲಿಆಂಪಿಯರಿನ ಹತ್ತಿರ ಬರುತ್ತದೆ. ಬೇಸ್‌ಮೆಂಟನ್ನು ಆಫೀಸು ಮಾಡಿಕೊಂಡ ಮನೆಗಳಲ್ಲಿ ಇದು ಸಾಧ್ಯ. ಆಗ ಸಾಮಾನುಗಳನ್ನು ಎರಡು ಸರ್ಕ್ಯೂಟಿಗೆ ಹಂಚಬೇಕು.

ಕನ್ನಡ ಅಡುಗೆಮನೆಗೆ ತನ್ನದೇ ಆದ ಪ್ರಕರಣಗಳಿವೆ. ಇಲ್ಲಿನ ಓಕ್ ಟ್ರೀ ರೋಡಿನ ಭಾರತೀಯ ಅಂಗಡಿಗಳಲ್ಲಿ ಈಗ 110 ವೋಲ್ಟಿನ ಮಿಕ್ಸಿ, ಗ್ರೈಂಡರ್ ಸಿಗುತ್ತವೆ. ಆದರೂ ಊರಿನಿಂದ ಪ್ರೀತಿಯಿಂದ ಹೊತ್ತು ತಂದ 230 ವೋಲ್ಟಿನ ಗ್ರೈಂಡರು ಅನೇಕ ಮನೆಗಳಲ್ಲಿದೆ. ದೋಸೆ ಹಿಟ್ಟು ರುಬ್ಬುವಾಗ ನೀರು ಪಾತ್ರೆಯ ಅಂಚಿನಿಂದ ಇಳಿದು ಕೆಳಗಿನ ಮೋಟರಿನ ಸುತ್ತ ಸೇರಿದರೆ ಜಿಎಫ್‌ಸಿಐ ಬೀಳುತ್ತದೆ. ಬೀಳಲೇಬೇಕು. ಒಣಗಿಸಿದ ಮೇಲೂ ಬಿದ್ದರೆ ಮೋಟರಿನ ಇನ್ಸುಲೇಷನ್ ಹೋಗಿದೆ ಎಂದೇ ತಿಳಿಯಬೇಕು. 230 ವೋಲ್ಟಿನ ಗ್ರೈಂಡರನ್ನು ಟ್ರಾನ್ಸ್‌ಫಾರ್ಮರ್ ಮೂಲಕ ಓಡಿಸುವವರು ಗಮನಿಸಲೇಬೇಕಾದ ಸಂಗತಿಯೊಂದಿದೆ. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳೂ ಬೇರೆಬೇರೆಯಾಗಿದ್ದರೆ, ಆಚೆ ಬದಿಯ ಸೋರಿಕೆ ಗೋಡೆಯ ಜಿಎಫ್‌ಸಿಐಗೆ ಕಾಣುವುದೇ ಇಲ್ಲ. ಅದು ಬೀಳಲಿಲ್ಲ ಎಂದ ಮಾತ್ರಕ್ಕೆ ಗ್ರೈಂಡರ್ ಸರಿಯಿದೆ ಎಂದಾಗಲಿಲ್ಲ. ವೋಲ್ಟೇಜ್ ಬದಲಾದರೂ ಫ್ರೀಕ್ವೆನ್ಸಿ ಬದಲಾಗುವುದಿಲ್ಲ. 50 ಹರ್ಟ್ಸ್‌ಗೆ ಮಾಡಿದ ಇಂಡಕ್ಷನ್ ಮೋಟರು ಇಲ್ಲಿನ 60ರಲ್ಲಿ ಐದರಲ್ಲೊಂದು ಪಾಲು ಹೆಚ್ಚು ವೇಗವಾಗಿ ತಿರುಗುತ್ತದೆ. ಮೂರನೇ ಪಿನ್ನನ್ನು ಕತ್ತರಿಸಿ ಎರಡು ತೂತಿನ ಔಟ್‌ಲೆಟ್ಟಿಗೆ ತುರುಕುವ ಅಭ್ಯಾಸ ಬಿಡಲೇಬೇಕು. ಲೋಹದ ಮೈಯಿರುವ ಗ್ರೈಂಡರಿಗೆ ಅರ್ಥ್ ಇಲ್ಲವಾದರೆ ಸೋರಿದ ಕರೆಂಟು ಮುಟ್ಟುವವರಿಗಾಗಿ ಕಾದಿರುತ್ತದೆ.

ಮಿಕ್ಸಿಯದು ಬೇರೆ ಬಗೆ. ಅದರ ಮೋಟರಿನಲ್ಲಿ ಕಾರ್ಬನ್ ಬ್ರಷ್ ಇರುತ್ತದೆ, ತಿರುಗುವಾಗ ಸಣ್ಣ ಕಿಡಿ ಸಹಜ. 1999ರ ಕೋಡ್ ಮಲಗುವ ಕೋಣೆಗಳಿಗೆ ತಂದ ಎಎಫ್‌ಸಿಐ ರಕ್ಷಣೆ 2014ರ ಕೋಡಿನಲ್ಲಿ ಅಡುಗೆಮನೆಗೂ ಬಂತು. ಹೊಸ ಮನೆಗಳಲ್ಲಿ ಚಟ್ನಿಪುಡಿ ಮಾಡುವಾಗ ಬ್ರೇಕರು ಬಿದ್ದರೆ, ಅದು ಬ್ರಷ್ಷಿನ ಕಿಡಿಯನ್ನು ಅಪಾಯದ ಕಿಡಿಯೆಂದು ತಿಳಿದಿರಬಹುದು. ವ್ಯಾಕ್ಯೂಮ್ ಕ್ಲೀನರ್, ಟ್ರೆಡ್‌ಮಿಲ್ಲುಗಳಲ್ಲೂ ಇದೇ. ಆದರೆ ಹಾಗೆಂದು ಮೊದಲೇ ತೀರ್ಮಾನಿಸಿಬಿಡುವುದು ತಪ್ಪು. ಬ್ರಷ್ ಸವೆದಷ್ಟೂ ಕಿಡಿ ಹೆಚ್ಚುತ್ತದೆ. ಬೇರೆ ಮಿಕ್ಸಿ ಹಾಕಿ ನೋಡಿ ಅದು ಬೀಳಿಸದಿದ್ದರೆ ಹಳೆಯದಕ್ಕೆ ರಿಪೇರಿ ಬೇಕು. ಏನೂ ಓಡದಿದ್ದಾಗ ಎಎಫ್‌ಸಿಐ ಬಿದ್ದರೆ ಮಾತ್ರ ತಡ ಮಾಡಬಾರದು. ಫೋಟೋ ತೂಗಹಾಕಲು ಹೊಡೆದ ಮೊಳೆ ಗೋಡೆಯೊಳಗಿನ ವಯರಿಗೆ ತಾಗಿರಬಹುದು, ಮಂಚದ ಕಾಲಿನಡಿ ವಯರು ಸಿಕ್ಕಿರಬಹುದು, ಯಾವುದೋ ಔಟ್‌ಲೆಟ್ಟಿನ ತಿರುಪು ಸಡಿಲವಾಗಿರಬಹುದು. ಬೆಂಕಿ ಹುಟ್ಟುವುದು ಇಂಥ ಕಡೆಯೇ. ಕೆಲವು ಕಂಪನಿಗಳ ಹೊಸ ಬ್ರೇಕರುಗಳಲ್ಲಿ ಪುಟ್ಟ ದೀಪವೊಂದು ಮಿನುಗಿ, ಬಿದ್ದದ್ದು ಕಿಡಿಗೋ ಸೋರಿಕೆಗೋ ಹೊರೆಗೋ ಎಂದು ಹೇಳುತ್ತದೆ. ಮಿನುಗಿನ ಅರ್ಥ ಬ್ರೇಕರ್ ಜೊತೆ ಬಂದ ಹಾಳೆಯಲ್ಲಿರುತ್ತದೆ.

ಬಿದ್ದ ಹೊತ್ತು ಯಾವುದೆಂಬುದೂ ಸಾಕ್ಷಿ. ಮಳೆ ಬಂದಾಗಲೆಲ್ಲ ಬಿದ್ದರೆ ಅಂಗಳದ ಔಟ್‌ಲೆಟ್ಟಿನ ಮುಚ್ಚಳ ನೋಡಬೇಕು. ಫ್ರಿಜ್ಜು ದಿನಕ್ಕೆ ಒಂದೆರಡು ಸಲ, ಕಂಪ್ರೆಸರ್ ನಿಂತಿದ್ದಾಗಲೂ ಬೀಳಿಸಿದರೆ ಅದರ ಹಿಮ ಕರಗಿಸುವ ಹೀಟರು ಹಾಳಾಗಿರಬಹುದು. ದೀಪಾವಳಿ ಬರುವ ಅಕ್ಟೋಬರ್–ನವೆಂಬರಿನಲ್ಲಿ ಸೆಂಟ್ರಲ್ ಜೆರ್ಸಿಯಲ್ಲಿ ಮಳೆ, ಇಬ್ಬನಿ ಎರಡೂ ಉಂಟು. ಮನೆಯ ಮುಂದೆ ಕಟ್ಟಿದ ಸೀರಿಯಲ್ ಸೆಟ್ಟುಗಳು ಮೊದಲ ಸಂಜೆ ಚೆನ್ನಾಗಿ ಉರಿದು, ರಾತ್ರಿ ಮಳೆ ಬಂದು, ಮರುದಿನ ಹಚ್ಚಿದರೆ ಜಿಎಫ್‌ಸಿಐ ನಿಲ್ಲುವುದೇ ಇಲ್ಲ. ಸರದ ವಯರಿನ ಮೇಲೆ ಯುಎಲ್ ಎಂಬ ಸುರಕ್ಷಾ ಪರೀಕ್ಷಾ ಸಂಸ್ಥೆಯ ಚೀಟಿಯ ಬಣ್ಣ ನೋಡಬೇಕು: ಹಸಿರಾದರೆ ಒಳಗೆ ಮಾತ್ರ, ಕೆಂಪಾದರೆ ಹೊರಗೂ ಹಾಕಬಹುದು. ಎರಡು ಸರಗಳು ಕೂಡುವ ಪ್ಲಗ್ಗು ಹುಲ್ಲಿನ ಮೇಲೆ ಬಿದ್ದಿರಬಾರದು, ನೆಲದಿಂದ ಎತ್ತಿ ಕಟ್ಟಬೇಕು. ಪ್ಲಗ್ ಹಾಕಿದಾಗಲೂ ಮುಚ್ಚಿಕೊಂಡಿರುವ ಉಬ್ಬು ಮುಚ್ಚಳ ಅಂಗಡಿಯಲ್ಲಿ ಸಿಗುತ್ತದೆ, ಹಳೆಯ ಚಪ್ಪಟೆ ಮುಚ್ಚಳದ ಬದಲು ಅದನ್ನು ಹಾಕಿಸಿದರೆ ಅರ್ಧ ತೊಂದರೆ ಮುಗಿಯುತ್ತದೆ.

ಬೇಸ್‌ಮೆಂಟಿನಲ್ಲಿ ಸೇರುವ ನೀರನ್ನು ಹೊರಹಾಕುವ ಸಂಪ್ ಪಂಪ್ ವಿಷಯ ನಿಜಕ್ಕೂ ಇಕ್ಕಟ್ಟಿನದು. 2012ರ ಅಕ್ಟೋಬರಿನ ಸ್ಯಾಂಡಿ, 2021ರ ಸೆಪ್ಟೆಂಬರ್ 1ರ ಐಡಾ ಚಂಡಮಾರುತದ ಮಳೆ ಕಂಡವರಿಗೆ ಪಂಪ್ ನಿಂತರೆ ಏನಾಗುತ್ತದೆಂದು ಹೇಳಬೇಕಿಲ್ಲ. ಜಿಎಫ್‌ಸಿಐ ಬಿದ್ದರೆ ಪಂಪ್ ನಿಲ್ಲುತ್ತದೆ, ಬೇಸ್‌ಮೆಂಟ್ ತುಂಬುತ್ತದೆ. ಅದಕ್ಕೆ ಕೆಲವರು ಸಾದಾ ಔಟ್‌ಲೆಟ್ ಹಾಕಿಸಿಕೊಳ್ಳುತ್ತಾರೆ. ಆ ಆತಂಕ ಅರ್ಥವಾಗುವಂಥದ್ದು, ಆದರೆ ದಾರಿ ತಪ್ಪು: ತುಂಬಿದ ನೀರಿಗಿಳಿದು ಪಂಪ್ ಮುಟ್ಟುವುದು ಮನೆಯವರೇ ಅಲ್ಲವೇ? ಬೇಸ್‌ಮೆಂಟಿನ ಇಂಥ ಉಪಕರಣಗಳಿಗೆ ಜಿಎಫ್‌ಸಿಐ ಬೇಡವೆಂದು ಮೊದಲಿದ್ದ ವಿನಾಯಿತಿಯನ್ನು 2008ರ ಕೋಡ್ ತೆಗೆದುಹಾಕಿತು. ಪಂಪಿಗೆ ಪ್ರತ್ಯೇಕ ಸರ್ಕ್ಯೂಟ್, ಕರೆಂಟು ಹೋದರೆ ಕೂಗುವ ಅಲಾರಂ, ಬ್ಯಾಟರಿಯಿಂದ ಓಡುವ ಇನ್ನೊಂದು ಪಂಪ್ ಇವು ಸರಿಯಾದ ಉತ್ತರ. ಸರಿಯಿರುವ ಪಂಪ್ ಜಿಎಫ್‌ಸಿಐಯನ್ನು ಬೀಳಿಸುವುದಿಲ್ಲ; ಬೀಳಿಸುತ್ತಿದ್ದರೆ ಅದರ ಸೀಲು ಒಡೆದಿರಬಹುದು, ಮಳೆಗಾಲಕ್ಕೆ ಮೊದಲೇ ಬದಲಿಸಬೇಕು. ನೆರೆಯಲ್ಲಿ ಮುಳುಗಿದ ಔಟ್‌ಲೆಟ್, ಬ್ರೇಕರುಗಳನ್ನು ಒಣಗಿಸಿ ಮತ್ತೆ ಬಳಸುವಂತಿಲ್ಲ, ಹೊಸದೇ ಬೇಕು.

ಈಚೆಗೆ ಗ್ಯಾರೇಜಿನಲ್ಲಿ ಎಲೆಕ್ಟ್ರಿಕ್ ಕಾರಿನ ಚಾರ್ಜರಿಗೆ 240 ವೋಲ್ಟಿನ ಔಟ್‌ಲೆಟ್ ಹಾಕಿಸಿದವರದೂ ಇದೇ ದೂರು: ನಡುರಾತ್ರಿ ಬ್ರೇಕರ್ ಬಿದ್ದು ಬೆಳಿಗ್ಗೆ ಕಾರು ಖಾಲಿ. ಚಾರ್ಜರಿನ ಒಳಗೇ ಸೋರಿಕೆ ಹಿಡಿಯುವ ಸಾಧನವಿದೆ, ಅದು ತನ್ನನ್ನು ಪರೀಕ್ಷಿಸಿಕೊಳ್ಳುವಾಗ ಪ್ಯಾನೆಲ್ಲಿನ ಜಿಎಫ್‌ಸಿಐ ಬ್ರೇಕರಿನೊಡನೆ ಹೊಂದದೆ ಇರಬಹುದು. ಪ್ಲಗ್ ಬಿಟ್ಟು ಚಾರ್ಜರನ್ನು ನೇರವಾಗಿ ವಯರಿಗೆ ಕೂಡಿಸುವುದು ಎಲೆಕ್ಟ್ರಿಷಿಯನ್ನರು ಹೇಳುವ ಪರಿಹಾರ.

ಸ್ವಿಚ್ಚು ಬೀಳುವುದನ್ನು ಬೈಯುವವರು ಬೀಳದ ಸ್ವಿಚ್ಚಿನ ಬಗ್ಗೆಯೂ ತಿಳಿದಿರಬೇಕು. ಎಡಿಸನ್ನಿಗೆ ಹತ್ತಿರದ ನ್ಯೂವಾರ್ಕಿನಲ್ಲಿ ಕಚೇರಿಯಿದ್ದ ಫೆಡರಲ್ ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿ 'ಸ್ಟ್ಯಾಬ್-ಲಾಕ್' ಎಂಬ ಪ್ಯಾನೆಲ್ಲುಗಳನ್ನು ದಶಕಗಳ ಕಾಲ ಅಮೆರಿಕದಾದ್ಯಂತ ಮಾರಿತು. ಹೊರೆ ಮೀರಿದರೂ ಬೀಳದ ಬ್ರೇಕರುಗಳು ಅದರಲ್ಲಿ ಕಂಡುಬಂದವು. ಯುಎಲ್ ಮಾನದಂಡದ ಪರೀಕ್ಷೆ ಸರಿಯಾಗಿ ಆಗದ ಬ್ರೇಕರುಗಳನ್ನು ತಿಳಿದೇ ಮಾರಿದ್ದು ಗ್ರಾಹಕರಿಗೆ ಮಾಡಿದ ವಂಚನೆ ಎಂದು ನ್ಯೂಜೆರ್ಸಿ ನ್ಯಾಯಾಲಯವೇ ಹೇಳಿತು. ಈ ಭಾಗದ ಹಳೆಯ ಮನೆಗಳಲ್ಲಿ ಆ ಹೆಸರಿನ ಪ್ಯಾನೆಲ್ ಇನ್ನೂ ಸಿಗುತ್ತದೆ. ಮನೆ ಕೊಳ್ಳುವ ಮೊದಲು ಮಾಡಿಸುವ ಇನ್‌ಸ್ಪೆಕ್ಷನ್ನಿನಲ್ಲಿ ಅದು ಕಂಡರೆ ಬದಲಿಸುವ ಖರ್ಚನ್ನು ಬೆಲೆಯ ಮಾತುಕತೆಯಲ್ಲೇ ತರಬೇಕು. 1965ರಿಂದ 1973ರ ನಡುವೆ ಕಟ್ಟಿದ ಮನೆಯಾದರೆ ಅಲ್ಯೂಮಿನಿಯಂ ವಯರಿದೆಯೇ ಎಂದೂ ಕೇಳಬೇಕು. 1972ಕ್ಕೆ ಮೊದಲು ತಯಾರಾದ ಅಂಥ ವಯರಿನ ಮನೆಗಳಲ್ಲಿ ಔಟ್‌ಲೆಟ್ಟಿನ ಜೋಡಣೆ ಬೆಂಕಿ ಹುಟ್ಟುವಷ್ಟು ಕಾಯುವ ಸಂಭವ ತಾಮ್ರದ ಮನೆಗಿಂತ 55 ಪಟ್ಟು ಹೆಚ್ಚು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷಾ ಆಯೋಗ ಹೇಳಿದೆ.

ಇನ್ನೂ ಹಳೆಯ ಮನೆಗಳಲ್ಲಿ ಎರಡು ತೂತಿನ ಔಟ್‌ಲೆಟ್ಟುಗಳಿವೆ, ಅರ್ಥ್ ವಯರೇ ಇಲ್ಲ. ಜಿಎಫ್‌ಸಿಐ ಅಲ್ಲೂ ಕೆಲಸ ಮಾಡುತ್ತದೆ, ಏಕೆಂದರೆ ಅದು ನೋಡುವುದು ಹೋದ ಮತ್ತು ಬಂದ ಕರೆಂಟಿನ ವ್ಯತ್ಯಾಸವನ್ನು ಮಾತ್ರ. ಕೋಡ್ ಕೂಡ ಇದಕ್ಕೆ ಒಪ್ಪುತ್ತದೆ. ಅರ್ಥ್ ಇಲ್ಲ ಎಂಬ ಚೀಟಿಯನ್ನು ಔಟ್‌ಲೆಟ್ಟಿನ ಮೇಲೆ ಅಂಟಿಸಬೇಕು. ಅಂಥಲ್ಲಿ ಅಂಗಡಿಯಲ್ಲಿ ಸಿಗುವ ಮೂರು ದೀಪದ ಟೆಸ್ಟರಿನ ಗುಂಡಿ ಒತ್ತಿದರೆ ಜಿಎಫ್‌ಸಿಐ ಬೀಳುವುದಿಲ್ಲ, ಅದಕ್ಕೆ ಅರ್ಥ್ ಬೇಕು. ಔಟ್‌ಲೆಟ್ಟಿನದೇ ಟೆಸ್ಟ್ ಗುಂಡಿಯನ್ನು ನಂಬಬೇಕು.

ನ್ಯೂಜೆರ್ಸಿಯ ನಿಯಮದಲ್ಲಿ, ಜಿಎಫ್‌ಸಿಐ ಕಡ್ಡಾಯವಲ್ಲದ ಜಾಗಗಳಲ್ಲಿ ಹಳೆಯ ಔಟ್‌ಲೆಟ್ ತೆಗೆದು ಅದೇ ಬಗೆಯ ಹೊಸದು ಹಾಕುವುದು ಸಾಮಾನ್ಯ ನಿರ್ವಹಣೆ, ಪರ್ಮಿಟ್ ಬೇಡ. ಹೊಸ ಸರ್ಕ್ಯೂಟ್ ಎಳೆಯಲು, ಪ್ಯಾನೆಲ್ ಬದಲಿಸಲು ಟೌನ್‌ಷಿಪ್ಪಿನ ಪರ್ಮಿಟ್ಟೂ ತಪಾಸಣೆಯೂ ಬೇಕು, ರಾಜ್ಯದ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರಿನಿಂದಲೇ ಮಾಡಿಸುವುದು ಒಳ್ಳೆಯದು. ಬಾಡಿಗೆ ಮನೆಯವರು ಪ್ಯಾನೆಲ್ಲಿನ ಮುಚ್ಚಳ ಬಿಚ್ಚದೆ ಮಾಲೀಕರಿಗೆ ಬರಹದಲ್ಲಿ ತಿಳಿಸಬೇಕು. ಔಟ್‌ಲೆಟ್ಟಿನ ಮುಖ ಬಿಸಿಯಾಗಿದ್ದರೆ, ಕಂದು ಕಲೆಯಿದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ, ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಮನೆಯವರ ಪತ್ತೆದಾರಿಕೆ ಅಲ್ಲಿಗೇ ನಿಲ್ಲಲಿ. ಆ ಬ್ರೇಕರ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಯಬೇಕು. ಮನೆಯ ಕೆಲವು ದೀಪ ಮಂಕಾಗಿ ಇನ್ನು ಕೆಲವು ವಿಪರೀತ ಪ್ರಖರವಾದರೆ, ಬೀದಿಯಿಂದ ಬರುವ ನ್ಯೂಟ್ರಲ್ ಕಡಿದಿರುವ ಸಾಧ್ಯತೆ ಹೆಚ್ಚು. ಆಗ ಮೇನ್ ಬ್ರೇಕರ್ ಆಫ್ ಮಾಡಿ, ವಿದ್ಯುತ್ ಕಂಪನಿಯ ತುರ್ತು ನಂಬರಿಗೆ ಫೋನು ಮಾಡಬೇಕು. ಅದು ತಡ ಮಾಡುವ ಕೆಲಸವಲ್ಲ.

ಎಲೆಕ್ಟ್ರಿಷಿಯನ್ ಬರುವ ಮುನ್ನ ಒಂದು ಚೀಟಿ ಸಿದ್ಧವಾಗಿರಲಿ. ಬಿದ್ದದ್ದು ಯಾವ ಸ್ವಿಚ್ಚು, ಯಾವ ದಿನ, ಎಷ್ಟು ಹೊತ್ತಿಗೆ, ಮಳೆಯಿತ್ತೇ, ಆಗ ಏನೇನು ಓಡುತ್ತಿತ್ತು, ಎಲ್ಲ ಪ್ಲಗ್ ಕಿತ್ತಾಗ ನಿಂತಿತೇ, ಅದರೊಡನೆ ಬೇರೆ ಯಾವ ಕೋಣೆಯ ಕರೆಂಟು ಹೋಯಿತು, ಈಚೆಗೆ ಗೋಡೆಗೆ ಮೊಳೆ ಹೊಡೆದದ್ದು, ಹೊಸ ಉಪಕರಣ ತಂದದ್ದು ಉಂಟೇ. ಬಿಟ್ಟು ಬಿಟ್ಟು ಬರುವ ದೋಷ ಆತ ಬಂದ ಹೊತ್ತಿಗೆ ಅಡಗಿರುತ್ತದೆ, ಗಂಟೆಯ ಲೆಕ್ಕದ ಶುಲ್ಕ ಮಾತ್ರ ಓಡುತ್ತಿರುತ್ತದೆ. ಈ ಚೀಟಿ ಕೈಯಲ್ಲಿದ್ದರೆ ಆತ ಪ್ಯಾನೆಲ್ಲಿನಿಂದ ಶುರು ಮಾಡದೆ ಸೀದಾ ಹಿತ್ತಲಿನ ಔಟ್‌ಲೆಟ್ಟಿಗೋ ಫ್ರಿಜ್ಜಿನ ಹಿಂಬದಿಗೋ ಹೋಗಬಲ್ಲ.